ಎಡಸುರುಳಿ

ಮಧ್ಯಾಹ್ನದ ಗಂಜಿ ಉಂಡು, ಬಟ್ಟಲು ತೊಳೆದಿಟ್ಟು, ಅಜ್ಜಿ ತನ್ನ ಕನ್ನಡಕವನ್ನು ಜಗಲಿಯ ಕಂಬದ ಮೊಳೆಗೆ ತೂಗುಹಾಕಿದಳೆಂದರೆ ಅಲ್ಲಿಂದ ಒಂದೂವರೆ ಗಂಟೆ ಅದು ನನ್ನದು. ಅಜ್ಜಿ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಅಮ್ಮ ಜಗಲಿಯಲ್ಲಿ ಬೀಡಿ ಸುತ್ತುವ ಮೊರವಾದ ಗೆರಸೆಯನ್ನು ಮಡಿಲಿಗೆಳೆದುಕೊಂಡು ಕೂರುತ್ತಿದ್ದಳು. ನಾನು ಕನ್ನಡಕವನ್ನು ಕ್ಯಾಮೆರಾಕ್ಕೆ ಕಟ್ಟಿಕೊಂಡು ಅಂಗಳಕ್ಕಿಳಿಯುತ್ತಿದ್ದೆ. ಪುಂಜಾಲಕಟ್ಟೆಯ ಪೇಟೆಯಿಂದ ಕಾಲು ಗಂಟೆ ನಡೆದರೆ ಸಿಗುತ್ತಿದ್ದ ನಮ್ಮ ಮನೆಗೆ ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ, ಮತ್ತು ಮನೆಗಿಂತಲೂ ದೊಡ್ಡದೇನೋ ಅನ್ನಿಸುವ ಒಂದು ಜಗಲಿ. ನಾವು ಬದುಕಿದ್ದೆಲ್ಲ ಆ ಜಗಲಿಯಲ್ಲೇ. ಒಂದು ಮೂಲೆಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಬೀಡಿ ಎಲೆ, ಇನ್ನೊಂದು ಮೂಲೆಯಲ್ಲಿ ಹೊಗೆಸೊಪ್ಪಿನ ಡಬ್ಬಿ, ನಡುವೆ ಅಜ್ಜಿಯದೊಂದು, ಅಮ್ಮನದೊಂದು ಗೆರಸೆ. ಊಟದ ಅನ್ನಕ್ಕೂ, ಒಣಮೀನಿನ ಚಟ್ನಿಗೂ, ನನ್ನ ಶಾಲೆಯ ಪುಸ್ತಕಗಳಿಗೂ ಹೊಗೆಸೊಪ್ಪಿನ ವಾಸನೆ. ಅರ್ಧ ತರಗತಿಯ ಪುಸ್ತಕಗಳಿಗೂ ಅದೇ ವಾಸನೆ ಇದ್ದುದರಿಂದ ಯಾರಿಗೂ ಅದು ವಾಸನೆ ಅನ್ನಿಸುತ್ತಿರಲಿಲ್ಲ.

ಎಣಿಸಿ ಬರೆದಿಡುವ ಚಾಳಿ ನನಗೆ ಬಂದದ್ದು ಅಲ್ಲಿಂದಲೇ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಅಮ್ಮ ಸಂಜೆ ಕಟ್ಟುಗಳನ್ನು ಜೋಡಿಸುವಾಗ ಪಕ್ಕದಲ್ಲಿ ಕೂತು ನಾನು ನೋಟು ಪುಸ್ತಕದಲ್ಲಿ ಗೆರೆ ಎಳೆಯಬೇಕು. ನಾಲ್ಕು ನೆಟ್ಟಗಿನ ಗೆರೆ, ಐದನೆಯದು ಅಡ್ಡ. ಬರಬರುತ್ತಾ ಅದೇ ಪುಸ್ತಕದ ಹಿಂಬದಿಯಿಂದ ಬೇರೆ ಲೆಕ್ಕಗಳು ಶುರುವಾದವು: ಬಾವಿಕಟ್ಟೆಗೆ ಬಂದ ಹಕ್ಕಿಗಳು, ಕೆಂಜಿಗ ಇರುವೆಗಳು ಹೆಣೆದ ಗೂಡುಗಳು, ಅಪ್ಪ ಮನೆಗೆ ಬಂದ ಹೊತ್ತು. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು, ಪುಸ್ತಕದಲ್ಲಿ ಕನ್ನಡ. ಅಪ್ಪ ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನ ಕಂಡಕ್ಟರ್. ಟ್ರಿಪ್ ಶೀಟ್ ತುಂಬುವುದು ಅವನ ದಿನನಿತ್ಯದ ಕಷ್ಟವಾದ್ದರಿಂದ, ಸುಮ್ಮನೆ ಕೂತು ತಾರೀಖು ಬರೆಯುವ ಮಗಳನ್ನು ನೋಡಿ ಅವನಿಗೆ ನಗು.

"ಇವಳು ಸತ್ತರೆ ಯಮನ ಹತ್ತಿರ ರೆಜಿಸ್ಟರ್ ಕೇಳ್ತಾಳೆ, ನೋಡು" ಎನ್ನುತ್ತಿದ್ದ.

ಆ ಪುಸ್ತಕ ಈಗಲೂ ನನ್ನಲ್ಲಿದೆ. ತಾರೀಖುಗಳನ್ನು ಇಲ್ಲಿ ಇಳಿಸುವುದಿಲ್ಲ. ಅವು ನನ್ನೊಬ್ಬಳಿಗೇ ಬೇಕಾದವು. ಆದರೆ ಒಂದು ಬೇಸಿಗೆ ರಜೆಯ ಪುಟಗಳನ್ನು ತೆರೆದಾಗೆಲ್ಲ, ನಾನು ಇವತ್ತು ಯಾವುದನ್ನೇ ನೋಡುವ ರೀತಿ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ.

ನನ್ನ ಅಜ್ಜಿ, ಅಮ್ಮನ ಅಮ್ಮ, ಎಡಚಿ. ಚಿಕ್ಕಂದಿನಲ್ಲಿ ಅವಳ ಎಡಗೈಯನ್ನು ಬಾಳೆನಾರಿನಿಂದ ಸೊಂಟಕ್ಕೆ ಕಟ್ಟುತ್ತಿದ್ದರಂತೆ. ಉಣ್ಣುವುದಕ್ಕೆ, ಬಡಿಸುವುದಕ್ಕೆ, ವೀಳ್ಯ ಕೊಡುವುದಕ್ಕೆ ಬಲಗೈ ಪಳಗಿತು. ಆದರೂ ಮನೆಯ ದೈವಕ್ಕೆ ಬಡಿಸುವ ದಿನ ಎಲೆ ಹಾಕಲು ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಮರೆತು ಎಡಗೈ ಮುಂದೆ ಬಂದುಬಿಟ್ಟರೆ ಎಂಬ ಹೆದರಿಕೆ. ಅಕ್ಕಿ ಅರೆಯುವಾಗ, ಕತ್ತಿ ಹಿಡಿಯುವಾಗ ಯಾರಾದರೊಬ್ಬರು ಮಾತಾಡುತ್ತಿದ್ದರು. ಯಾರೂ ಮಾತಾಡದ ಒಂದೇ ಕೆಲಸ ಬೀಡಿ. ಎಡಗೈ ಸುತ್ತಿದರೂ ಬಲಗೈ ಸುತ್ತಿದರೂ ಬೀಡಿ ಬೀಡಿಯೇ. ಹದಿನಾಲ್ಕನೇ ವಯಸ್ಸಿಗೆ ಗೆರಸೆ ಹಿಡಿದವಳು, ನಾನು ನೋಡುವ ಹೊತ್ತಿಗೆ ಎಲೆಯನ್ನು ನೋಡದೆ ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತ ಸುತ್ತುತ್ತಿದ್ದಳು. ಅವಳ ಬೀಡಿಯ ಎಲೆ ಎಲ್ಲರದ್ದಕ್ಕೂ ಉಲ್ಟಾ ಸುತ್ತಿಕೊಂಡಿರುತ್ತಿತ್ತು. ಪುಂಜಾಲಕಟ್ಟೆಯ ಬೀಡಿ ಬ್ರಾಂಚಿನಲ್ಲಿ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಿದ್ದ ಹಮೀದಾಕ, ಎಂದರೆ ಹಮೀದ್ ಕಾಕ, ಹೆಸರು ಕೇಳದೆಯೇ ಅವಳ ಕಟ್ಟನ್ನು ಗುರುತಿಸುತ್ತಿದ್ದರು.

"ಇದು ಅಜ್ಜಿಯ ಎಡಸುರುಳಿ. ಇದಕ್ಕೆ ಸಹಿ ಬೇಡ" ಎಂದು ಅವರು ಹೇಳಿದ್ದನ್ನು ಅಜ್ಜಿ ವರ್ಷಗಟ್ಟಲೆ ಎಲ್ಲರಿಗೂ ಹೇಳಿದಳು.

ಅವಳ ಕಣ್ಣಿಗೆ ಪೊರೆ ಬಂದದ್ದು ನಾನು ಏಳನೇ ತರಗತಿಯಲ್ಲಿದ್ದಾಗ. ಬೆಳ್ತಂಗಡಿಯಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣು ಹಾಗೆಯೇ ಉಳಿಯಿತು. ಆಮೇಲೆ ಕೊಟ್ಟ ಕನ್ನಡಕದ ಬಲಗಡೆಯ ಗಾಜು ಸೋಡಾ ಬಾಟಲಿಯ ತಳದಂತೆ ದಪ್ಪ, ನಡುವೆ ಉಬ್ಬು. ಅದನ್ನು ಹಾಕಿಕೊಂಡ ಮೊದಲ ದಿನ ಅಜ್ಜಿ ಎದುರಿಗಿದ್ದ ಲೋಟ ಹಿಡಿಯಲು ಹೋಗಿ ಗಾಳಿ ಹಿಡಿದಳು. ಎಲ್ಲವೂ ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತಿತ್ತಂತೆ. ಪಕ್ಕದಿಂದ ಬರುವುದು ಬರುವ ತನಕ ಕಾಣದೆ ಒಮ್ಮೆಲೇ ಎದುರು ಹಾರುತ್ತಿತ್ತಂತೆ. ಅಂಗಳಕ್ಕೆ ಬಂದ ಪಕ್ಕದ ಮನೆಯ ಕೋಳಿಗೆ ಅವಳು ಬೈದದ್ದು ನೆನಪಿದೆ:

"ಎಲ್ಲಿಂದ ಉದುರಿದ್ದು ಮಾರಾಯ್ತಿ ನೀನು? ಸ್ವಲ್ಪ ಕೆಮ್ಮಿ ಬರಬಾರದಾ?"

ದೂರಕ್ಕೆ ಸರಿಯಾಗಿದ್ದ ಆ ಗಾಜು ಹತ್ತಿರದ ಕೆಲಸಕ್ಕೆ ಸಾಲುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡರೆ ಸ್ವಲ್ಪ ಸ್ಪಷ್ಟವಾಗುತ್ತದೆಂದು ಅವಳೇ ಕಂಡುಹಿಡಿದಳು. ಹಾಗೆ ತುದಿಮೂಗಿನಲ್ಲಿ ಕನ್ನಡಕ ನಿಲ್ಲಿಸಿ, ಗಲ್ಲ ಮೇಲೆತ್ತಿ, ಮತ್ತೆ ಬೀಡಿಗೆ ಕೂತಳು. ವಿಶ್ರಾಂತಿ ತಗೊಳ್ಳಿ ಎಂದು ಡಾಕ್ಟರರು ಹೇಳಿದ್ದನ್ನು ಅಮ್ಮ ನೆನಪಿಸಿದಾಗ ಅವಳು ಕೊಟ್ಟ ಉತ್ತರ ನನ್ನ ಪುಸ್ತಕದಲ್ಲಿದೆ.

"ಈ ಕೈಗೆ ಇದೊಂದು ಕೆಲಸ ಉಂಟು. ಇದೂ ಬೇಡ ಅಂದರೆ ಪುನಃ ಸೊಂಟಕ್ಕೆ ಕಟ್ಟಿಬಿಡು."

ಕ್ಯಾಮೆರಾ ಬಂದದ್ದು ಹಮೀದಾಕರಿಂದ. ಅವರ ತಮ್ಮ ದುಬಾಯಿಯಿಂದ ತಂದದ್ದು, ಫ್ಲ್ಯಾಶ್ ಸತ್ತುಹೋಗಿತ್ತು. ಫೋಕಸ್ ತಿರುಗಿಸುವ ಉಂಗುರವಿಲ್ಲದ, ಕಣ್ಣಿಟ್ಟು ನೋಡಿ ಗುಂಡಿ ಒತ್ತುವಷ್ಟೇ ಕೆಲಸವಿರುವ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಕಟ್ಟು ಎಣಿಸುವಾಗ ನಾನು ಒಮ್ಮೆಯೂ ತಪ್ಪುವುದಿಲ್ಲವೆಂದು ನನಗೆ ಕೊಟ್ಟರು. ಅಪ್ಪ ಮೂಡುಬಿದಿರೆಯ ಸ್ಟುಡಿಯೋದಿಂದ ಮೂವತ್ತಾರರ ಒಂದು ರೀಲು ತಂದ. ಮೊದಲ ರೀಲಿನಲ್ಲಿ ನಾನು ತೆಗೆದದ್ದೆಲ್ಲ ಹುಳಗಳು. ಬಂದದ್ದೆಲ್ಲ ಮಂಜು. ಆ ಡಬ್ಬಿಗೆ ಮೂರು ಅಡಿಗಿಂತ ಹತ್ತಿರ ಏನೂ ಕಾಣುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಸ್ಟುಡಿಯೋದವರು ಅಪ್ಪನ ಕೈಯಲ್ಲಿ ಹೇಳಿಕಳಿಸಿದರು:

"ಕಂಡಕ್ಟ್ರೇ, ಮಗಳಿಗೆ ಹೇಳಿ, ಮನುಷ್ಯರದ್ದು ಒಂದಾದರೂ ತೆಗೆಯಲಿ. ನಾವು ಹೊಗೆಗೆ ಪ್ರಿಂಟ್ ಹಾಕುವುದು ಹೇಗೆ?"

ದೂರದ್ದು ಕಾಣುವವರಿಗೆ ಹತ್ತಿರದ್ದು ಕಾಣದಿದ್ದರೆ ಏನು ಮಾಡಬೇಕೆಂಬುದಕ್ಕೆ ನಮ್ಮ ಮನೆಯಲ್ಲೇ ಉದಾಹರಣೆಯಿತ್ತು. ಅಜ್ಜಿಯ ಕನ್ನಡಕವನ್ನು ಗೋಡೆಯ ಎದುರು ಹಿಡಿದು ಹಿಂದೆ ಮುಂದೆ ಮಾಡಿದರೆ ಒಂದು ಅಂತರದಲ್ಲಿ ಹೊರಗಿನ ತೆಂಗಿನ ಮರ ತಲೆಕೆಳಗಾಗಿ, ಬೆರಳುಗುರಿನಷ್ಟು ಚಿಕ್ಕದಾಗಿ ಗೋಡೆಯಲ್ಲಿ ಮೂಡುತ್ತಿತ್ತು. ಆ ಅಂತರವೇ ಸರಿಯಾದ ಅಂತರ ಎಂದು ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟರು. ಎರಡು ಬೆಂಕಿಪೆಟ್ಟಿಗೆಯ ಉದ್ದ. ಹಿಡಿಸೂಡಿ ಪೊರಕೆಯ ಎರಡು ಕಡ್ಡಿಗಳನ್ನು ಆ ಅಳತೆಗೆ ಮುರಿದು ಕ್ಯಾಮೆರಾದ ಮುಂದೆ ಕೋಡಿನಂತೆ ಕಟ್ಟಿದೆ. ಸೈಕಲ್ ಟ್ಯೂಬಿನ ಉಂಗುರಗಳಿಂದ ಕನ್ನಡಕದ ದಪ್ಪ ಗಾಜನ್ನು ಲೆನ್ಸಿನ ಬಾಯಿಗೆ ಬಿಗಿದೆ. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕಾಣುವುದೇ ಬೇರೆ, ರೀಲಿಗೆ ಬೀಳುವುದೇ ಬೇರೆಯಾದ್ದರಿಂದ ಕಿಂಡಿಗೆ ಕಾಗದ ಅಂಟಿಸಿ ಮುಚ್ಚಿಬಿಟ್ಟೆ. ಕಡ್ಡಿಗಳ ತುದಿಯ ನಡುವೆ ಹುಳ ಬಂದರೆ ಒತ್ತುವುದು, ಅಷ್ಟೆ. ಬಿಸಿಲು ಬೇಕು, ಉಸಿರು ಹಿಡಿಯಬೇಕು. ನಡುವೆ ಮಾತ್ರ ಸ್ಪಷ್ಟ, ಅಂಚೆಲ್ಲ ಕರಗಿದ ಬೆಲ್ಲದ ಹಾಗೆ. ಎರಡನೇ ರೀಲಿನಲ್ಲಿ ಮೂವತ್ತಾರಕ್ಕೆ ಹನ್ನೊಂದು ಸರಿಯಾಗಿ ಬಂದವು. ಕೆಂಜಿಗವೊಂದು ಎಲೆಯ ಅಂಚನ್ನು ಕಚ್ಚಿ ಎಳೆಯುವ ಚಿತ್ರದಲ್ಲಿ ಅದರ ಸೊಂಟ ನೂಲಿನಷ್ಟು ಸಣ್ಣಗೆ ಕಂಡಿತು. ಅಜ್ಜಿ ಅದನ್ನು ಮೂಗಿನ ತುದಿಯಿಂದ ಬಹಳ ಹೊತ್ತು ನೋಡಿದಳು.

"ನನ್ನ ಕಣ್ಣು ನಾನು ಮಲಗಿದಾಗ ಇಷ್ಟೆಲ್ಲ ನೋಡ್ತದಾ?" ಎಂದಳು. "ಹಾಗಾದರೆ ತಗೊಂಡು ಹೋಗು. ಮಲಗಿದವರಿಗೆ ಕಣ್ಣು ಯಾಕೆ?"

ಎಡವೋ ಬಲವೋ ಎಂಬ ಆಟ ಹುಟ್ಟಿದ್ದು ಆ ಬೇಸಿಗೆಯಲ್ಲಿ. ಚಪ್ಪರಕ್ಕೆ ಹತ್ತಿದ ಬಸಳೆಯ ಬಳ್ಳಿಯ ಚಿತ್ರ ನೋಡುತ್ತಾ ಅಜ್ಜಿ, ಇದು ಯಾವ ಕೈಯಿಂದ ಸುತ್ತಿದೆ ಎಂದು ಕೇಳಿದಳು. ಗೊತ್ತಾಗುವುದು ಹೇಗೆಂದು ಅವಳೇ ಒಂದು ಬೀಡಿಯನ್ನು ನೆಟ್ಟಗೆ ಹಿಡಿದು ತೋರಿಸಿದಳು. ನಮ್ಮ ಎದುರಿಗಿರುವ ಅಂಚು ಮೇಲೆ ಹೋಗುತ್ತಾ ಬಲಕ್ಕೆ ವಾಲಿದರೆ ಬಲ, ಎಡಕ್ಕೆ ವಾಲಿದರೆ ಎಡ. ತಲೆಕೆಳಗು ಮಾಡಿದರೂ ಬದಲಾಗುವುದಿಲ್ಲ. ಬೇಕಾದರೆ ಮಾಡಿ ನೋಡಿ. ನಾನು ಆ ದಿನ ಇಪ್ಪತ್ತು ಸಲ ಮಾಡಿ ನೋಡಿದೆ. ಪುಸ್ತಕದಲ್ಲಿ ಎರಡು ಕಾಲಂ ಎಳೆದೆ. ಬಸಳೆ ಬಲ. ಅಲಸಂಡೆ ಬಲ. ಶಂಖಪುಷ್ಪ ಬಲ. ಕಸದ ರಾಶಿಯಲ್ಲಿ ಸಿಕ್ಕಿದ ಶಂಖದ ಹುಳದ ಚಿಪ್ಪುಗಳೂ ಬಲ. ಬಲದ ಕಾಲಮಿನಲ್ಲಿ ಗೆರೆಗಳು ಬೇಲಿಯಂತೆ ಬೆಳೆದವು. ಎಡದ ಕಾಲಂ ಖಾಲಿ. ಅಜ್ಜಿ ಬಾಯಲ್ಲಿ ಏನೂ ಹೇಳಲಿಲ್ಲವಾದರೂ ಪ್ರತಿ ಸಲ ರೀಲು ಬಂದಾಗ ಮೊದಲು ಕೇಳುತ್ತಿದ್ದದ್ದು ಅದನ್ನೇ. ಒಮ್ಮೆ ಬಸಳೆಯೊಂದು ಎಡಕ್ಕೆ ಸುತ್ತಿದ ಚಿತ್ರ ಬಂತು. ಇಬ್ಬರೂ ಕೂಗಿದೆವು. ಆಮೇಲೆ ನೋಡಿದರೆ ಬಳ್ಳಿಗೆ ತಾಗಿಕೊಂಡಿದ್ದ ಸಿಮೆಂಟ್ ಚೀಲದ ಅಕ್ಷರಗಳೂ ಉಲ್ಟಾ. ಸ್ಟುಡಿಯೋದವರು ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ್ದರು. ಹಾಕಿದ್ದ ಗೆರೆಯನ್ನು ನಾನು ಹೊಡೆದುಹಾಕಿದೆ. ಅಜ್ಜಿ "ಇರಲಿ ಬಿಡು, ಒಂದು ಗೆರೆ" ಅಂದರೂ ನಾನು ಒಪ್ಪಲಿಲ್ಲ.

ಕೊನೆಗೂ ನಿಜವಾದ ಎಡ ಸಿಕ್ಕಿತು. ಹಿಂದಿನ ಮಳೆಗಾಲದಲ್ಲಿ ಬೇಲಿಗೆ ಹತ್ತಿ ಒಣಗಿದ ಕಾಡುಗೆಣಸಿನ ಬಳ್ಳಿ ಎಡ. ಮುರಕಲ್ಲಿನ ಗೋಡೆಯ ತೂತಿನಲ್ಲಿ ಸಿಕ್ಕಿದ ಒಂದು ತೆಳು ಚಿಪ್ಪೂ ಎಡ. ಆ ಚಿಪ್ಪನ್ನು ಅಜ್ಜಿ ವೀಳ್ಯದೆಲೆಯ ಪೆಟ್ಟಿಗೆಯಲ್ಲಿಟ್ಟುಕೊಂಡಳು. ಒಂದು ಮಾತ್ರ ಯಾವ ಕಾಲಮಿಗೂ ಸೇರಲಿಲ್ಲ. ಹಾಗಲದ ಬಳ್ಳಿ ಬೇಲಿಯನ್ನು ಹಿಡಿದುಕೊಳ್ಳುವ ಸ್ಪ್ರಿಂಗಿನಂಥ ಕುಡಿ ಅರ್ಧದವರೆಗೆ ಎಡಕ್ಕೆ ಸುತ್ತಿ, ನಡುವೆ ಒಂದಿಷ್ಟು ನೇರವಾಗಿ, ಅಲ್ಲಿಂದ ಬಲಕ್ಕೆ ಸುತ್ತಿತ್ತು. ಎರಡು ಫ್ರೇಮು ಖರ್ಚು ಮಾಡಿದರೂ ಅದು ಹಾಗೆಯೇ. 'ಹಾಗಲ' ಎಂದು ಬರೆದು ಮುಂದಿನ ಜಾಗ ಖಾಲಿ ಬಿಟ್ಟೆ.

ಇದೆಲ್ಲ ನಡೆಯುತ್ತಿದ್ದ ಅದೇ ಒಂದೂವರೆ ಗಂಟೆಯಲ್ಲಿ ಅಮ್ಮ ಜಗಲಿಯಲ್ಲಿ ಮಾಡುತ್ತಿದ್ದ ಕೆಲಸವನ್ನು ಈಗ ಹೇಳಬೇಕು. ರಜೆಯ ಆರಂಭದಲ್ಲಿ ಹಮೀದಾಕ ಅಜ್ಜಿಯ ಕಟ್ಟುಗಳನ್ನು ಎರಡು ಸಲ ವಾಪಸು ಕೊಟ್ಟಿದ್ದರು. ನೂಲು ಸಡಿಲ. ಕೆಲವಕ್ಕೆ ನೂಲು ಸುತ್ತಿದ್ದರೂ ಗಂಟು ಬಿದ್ದಿರಲಿಲ್ಲ. ಕೈಯಲ್ಲಿ ಹಿಡಿದರೆ ಎಲೆ ಬಿಚ್ಚಿಕೊಳ್ಳುತ್ತಿತ್ತು. ಎರಡೂ ಸಲ ಬ್ರಾಂಚಿಗೆ ಹೋದದ್ದು ಅಮ್ಮ ಮತ್ತು ನಾನು. ಹಮೀದಾಕ ಕಟ್ಟನ್ನು ಅಮ್ಮನ ಕೈಯಲ್ಲಿಡುವಾಗ ಅಮ್ಮನ ಮುಖ ನೋಡಲಿಲ್ಲ.

"ನಾನು ಸುಮ್ಮನಿದ್ದರೂ ಮೇಲಿನವರು ಸುಮ್ಮನಿರುವುದಿಲ್ಲ ಅಕ್ಕ. ನೀವೇ ನೋಡಿ ಎಂತಾದರೂ ಮಾಡಿ" ಎಂದರು.

ಅಮ್ಮ ಮಾಡಿದ್ದು ಇದು. ಬೆಳಗ್ಗೆ ಅಜ್ಜಿ ಸುತ್ತಿದ ಬೀಡಿಗಳನ್ನು ಅವಳು ಮಲಗಿದ ಮೇಲೆ ಒಂದೊಂದೇ ಬಿಚ್ಚಿ, ಹೊಗೆಸೊಪ್ಪು ಕೊಡವಿ, ಅದೇ ಎಲೆಯಲ್ಲಿ ಮತ್ತೆ ಸುತ್ತಿ, ನೂಲು ಕಟ್ಟಿ, ಅಜ್ಜಿಯ ಗೆರಸೆಗೇ ಹಾಕುವುದು. ಕಟ್ಟು ಜೋಡಿಸುವುದು ಮೊದಲಿನಿಂದಲೂ ಅಮ್ಮನ ಕೆಲಸವಾದ್ದರಿಂದ ಮಧ್ಯಾಹ್ನದ ಮೇಲೆ ಅಜ್ಜಿ ಆ ಬೀಡಿಗಳನ್ನು ಮುಟ್ಟುತ್ತಿರಲಿಲ್ಲ. ಅಮ್ಮನ ತುಟಿ ಬಿಗಿದಿರುತ್ತಿತ್ತು, ಬೆರಳುಗಳು ಓಡುತ್ತಿದ್ದವು. ಮೊದಲ ದಿನ ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು:

"ಅಜ್ಜಿಗೆ ಹೇಳಬಾರದು. ಆಣೆ ಹಾಕು."

ನಾನು ಆಣೆ ಹಾಕಿದೆ. ಬಾಯಿಗೆ ಆಣೆ ಹಾಕಿದ್ದೆನೇ ಹೊರತು ಪುಸ್ತಕಕ್ಕಲ್ಲ. ಪ್ರತಿ ಸಂಜೆ ಅಜ್ಜಿಯ ಕಟ್ಟುಗಳ ಗೆರೆ ಎಳೆದು, ಅಮ್ಮ ಬಿಚ್ಚಿ ಸುತ್ತಿದ ದಿನವಾಗಿದ್ದರೆ ಪಕ್ಕದಲ್ಲಿ ಒಂದು ಚುಕ್ಕಿ ಇಡುತ್ತಿದ್ದೆ. ಚುಕ್ಕಿಯ ಅರ್ಥ ನನಗೆ ಮಾತ್ರ ಗೊತ್ತು. ಸಂಜೆ ಬ್ರಾಂಚಿನಿಂದ ಬಂದಾಗ ಅಜ್ಜಿ ಜಗಲಿಯ ಅಂಚಿನಲ್ಲಿ ಕಾಯುತ್ತಿದ್ದಳು.

"ಹಮೀದ ಎಂತ ಹೇಳಿದ?"

"ಎಂತ ಹೇಳುವುದು? ತಗೊಂಡರು."

"ಎಡಸುರುಳಿ ಅಂತ ಹೇಳಲಿಲ್ಲವಾ?"

"ಜನ ಇದ್ದರು ಅಮ್ಮ. ರಶ್ಶು."

ಆ ರಜೆಯ ಕೊನೆಯ ರೀಲಿನಲ್ಲಿ ಎರಡು ಫ್ರೇಮು ಉಳಿದಿದ್ದವು. ಬಿಸಿಲು ಜಗಲಿಯ ಅಂಚಿಗೆ ಹತ್ತಿತ್ತು. ಅಮ್ಮ ಅಜ್ಜಿಯ ಗೆರಸೆಗೆ ಪೇಪರು ಹಾಸಿ ಆಗಷ್ಟೇ ಬಿಚ್ಚಿ ಸುತ್ತಿದ ಬೀಡಿಗಳನ್ನು ಬಿಸಿಲಿಗಿಟ್ಟು ನೀರು ಕುಡಿಯಲು ಎದ್ದಿದ್ದಳು. ಒಂದು ಬೀಡಿಯ ಮೇಲೆ ಜಿಗಿಯುವ ಜೇಡವೊಂದು ಬಂದು ಕೂತಿತು. ಗಸಗಸೆಯಷ್ಟು ದೊಡ್ಡ ಎರಡು ಕಣ್ಣು, ಅವುಗಳ ಪಕ್ಕದಲ್ಲಿ ಇನ್ನೂ ಚಿಕ್ಕವು. ಅದು ತಿರುಗಿ ನನ್ನನ್ನು, ನಿಜ ಹೇಳಬೇಕೆಂದರೆ ಅಜ್ಜಿಯ ಕನ್ನಡಕವನ್ನು ನೋಡಿತು. ಕಡ್ಡಿಗಳ ತುದಿಯನ್ನು ಮೆಲ್ಲನೆ ಅದರ ಎರಡು ಬದಿಗೆ ತಂದು ಒತ್ತಿದೆ. ಅಷ್ಟು ಹತ್ತಿರಕ್ಕೆ ಬಿಟ್ಟುಕೊಂಡ ಜೇಡ ಅದೊಂದೇ. ಪುಸ್ತಕದಲ್ಲಿ ಬರೆದೆ: 'ಫ್ರೇಮು ಮೂವತ್ತೈದು. ಜೇಡ, ಅಜ್ಜಿಯ ಬೀಡಿಯ ಮೇಲೆ.' ಬೀಡಿ ನನಗೆ ಕಂಡಿರಲೇ ಇಲ್ಲ. ಜೇಡಕ್ಕೆ ಕೂರಲು ಏನಾದರೊಂದು ಬೇಕಲ್ಲ, ಅದಾಗಿತ್ತು ಅಷ್ಟೆ.

ಮೂವತ್ತಾರನೆಯದನ್ನೂ ಬಾವಿಕಟ್ಟೆಯ ಒಂದು ಕಂಬಳಿಹುಳಕ್ಕೆ ಮುಗಿಸಿ ರೀಲು ಕಳಿಸಿದೆ. ಅಪ್ಪ ಪ್ರಿಂಟುಗಳನ್ನು ತಂದದ್ದು ಒಂದು ಭಾನುವಾರ ಬೆಳಗ್ಗೆ. ಅಮ್ಮ ಬಸಳೆಯ ದಂಟು ಮುರಿಯುತ್ತಿದ್ದಳು. ಮಧ್ಯಾಹ್ನಕ್ಕೆ ಬಸಳೆ ಹುಳಿ. ಅಜ್ಜಿ ಕಂಬಕ್ಕೆ ಒರಗಿ ಕನ್ನಡಕ ಜಾರಿಸಿಕೊಂಡಳು. ನಾನು ಪುಸ್ತಕ ಬಿಡಿಸಿ ಪೆನ್ಸಿಲು ಹಿಡಿದೆ. ಒಂದೊಂದೇ ಚಿತ್ರ ನಾನು ಮೊದಲು ನೋಡಿ ಹೇಳುವುದು, ಗೆರೆ ಹಾಕುವುದು, ಅಜ್ಜಿಗೆ ಕೊಡುವುದು. ಇದು ನಮ್ಮ ಕ್ರಮ.

"ಎಡವೋ ಬಲವೋ?"

"ಬಲ. ಅಲಸಂಡೆ."

"ಇದು?"

"ಎಡ. ಗೆಣಸು."

"ಹಾಗೆ ಬಾ. ಇದು?"

ಜೇಡ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅದರ ಕಣ್ಣಿನಲ್ಲಿ ನಮ್ಮ ಅಂಗಳದ ಬೆಳಕು ಒಂದು ಚುಕ್ಕಿಯಾಗಿ ಕೂತಿತ್ತು. ಖುಷಿಯಲ್ಲಿ ನಾನು ಆ ಕಣ್ಣನ್ನೇ ನೋಡುತ್ತಿದ್ದೆ. ಬಾಯಿ ಮಾತ್ರ ಅಭ್ಯಾಸದಂತೆ ಕೆಳಗಿದ್ದ ಸುರುಳಿಯನ್ನು ಓದಿಬಿಟ್ಟಿತು.

"ಬಲ" ಎಂದೆ. ಗೆರೆಯನ್ನೂ ಹಾಕಿದೆ. "ಜೇಡ, ಅಜ್ಜಿಯ ಬೀಡಿಯ ಮೇಲೆ."

ಅಮ್ಮನ ಕೈಯಲ್ಲಿದ್ದ ದಂಟು ಮುರಿಯಲಿಲ್ಲ.

"ಪುನಃ ಹೇಳು" ಎಂದಳು ಅಜ್ಜಿ.

ಅವಳೇ ಚಿತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಮುಖದ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದಳು. ನಿಜವಾದ ಬೀಡಿಯ ನೂಲು ಕಾಣದ ಆ ಕಣ್ಣಿಗೆ ಚಿತ್ರದ ಬೀಡಿ ಒಂದೂವರೆಪಟ್ಟು ದೊಡ್ಡದಾಗಿ ಕಾಣುತ್ತಿತ್ತು. ಎಲೆಯ ಅಂಚು ಎದುರಿನಿಂದ ಮೇಲೇರಿ ಬಲಕ್ಕೆ ವಾಲಿತ್ತು. ಅವಳು ಚಿತ್ರವನ್ನು ತಲೆಕೆಳಗು ಮಾಡಿದಳು. ತಲೆಕೆಳಗು ಮಾಡಿದರೂ ಬದಲಾಗುವುದಿಲ್ಲ.

"ಅಜ್ಜಿ, ಅದು ಸ್ಟುಡಿಯೋದವರು ಮಗುಚಿ ಹಾಕಿದ್ದು" ಎಂದೆ. "ಆವತ್ತು ಬಸಳೆಗೆ ಹಾಕಿದ ಹಾಗೆ."

"ಹೌದಾ. ಕೆಳಗೆ ಪೇಪರು ಉಂಟಲ್ಲ. ಅಕ್ಷರ ಓದು."

ಅಜ್ಜಿಗೆ ಓದು ಬರದು. ಅಕ್ಷರ ಉಲ್ಟಾ ಇದ್ದರೆ ನಾನು ಓದಲು ತಡವರಿಸುತ್ತೇನೆ ಎಂಬುದು ಮಾತ್ರ ಗೊತ್ತಿತ್ತು. ಚಿತ್ರದ ಮೂಲೆಯಲ್ಲಿ ಪೇಪರಿನ ಜಾಹೀರಾತಿನ ದೊಡ್ಡ ಅಕ್ಷರಗಳು ನೆಟ್ಟಗೆ ಕಾಣುತ್ತಿದ್ದವು. ನಾನು ಬೇಕೆಂದೇ ತಡವರಿಸಬಹುದಿತ್ತು. ಈಗಲೂ ಹಾಗನ್ನಿಸುತ್ತದೆ. ಆದರೆ ಸುಳ್ಳು ಗೆರೆ ಹಾಕಿ ಅಭ್ಯಾಸವಿಲ್ಲದ ಬಾಯಿ. ಸರಾಗವಾಗಿ ಓದಿದೆ.

ಅಜ್ಜಿ ಅಮ್ಮನ ಕಡೆ ತಿರುಗಿದಳು.

"ಎಷ್ಟು ದಿನದಿಂದ?"

ಅಮ್ಮ ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟಳು.

"ನಿನ್ನ ಪುಸ್ತಕದಲ್ಲಿ ಇರ್ತದೆ ಮಗಾ. ನೀನು ಬರೆಯದೆ ಬಿಡುವವಳಲ್ಲ. ಓದು."

ನಾನು ಅಮ್ಮನನ್ನು ನೋಡಿದೆ. ಅಮ್ಮ ಕಣ್ಣು ಕೆಳಗೆ ಮಾಡಿದಳು. ಅದು ಒಪ್ಪಿಗೆಯೋ ಸೋಲೋ ತಿಳಿಯಲಿಲ್ಲ. ಚುಕ್ಕಿಗಳನ್ನು ಒಂದೊಂದಾಗಿ ಎಣಿಸಿದೆ. ಯಾರೂ ಅವಸರ ಮಾಡಲಿಲ್ಲ.

"ಮೂವತ್ತೊಂದು."

"ಮೂವತ್ತೊಂದು ದಿನ" ಎಂದಳು ಅಜ್ಜಿ. "ಹಾಗಾದರೆ ಅಷ್ಟು ದಿನ ಬೆಳಗ್ಗೆ ಕೂತು ನಾನು ಮಾಡಿದ್ದು ಎಂತ?"

"ಅಮ್ಮ, ನೂಲು ಸಡಿಲ ಆಗ್ತಿತ್ತು. ಎರಡು ಸಲ ವಾಪಸ್ ಕೊಟ್ಟರು. ನಿನಗೆ ಹೇಳಿದರೆ ನೀನು..."

"ನೂಲು ಸಡಿಲವಾದರೆ ನೂಲು ಕಟ್ಟು. ಸುರುಳಿ ಯಾಕೆ ಬಿಚ್ಚಿದೆ?"

ಆಮೇಲೆ, ನಾನು ದೊಡ್ಡವಳಾದ ಮೇಲೆ, ಒಮ್ಮೆ ಕೇಳಿದ್ದಕ್ಕೆ ಅಮ್ಮ ಹೇಳಿದ್ದು ಇಷ್ಟೆ: ಎಡಸುರುಳಿಗೆ ನೂಲು ಕಟ್ಟಲು ನನ್ನ ಕೈಗೆ ಬರ್ತಿರಲಿಲ್ಲ, ಬಿಚ್ಚಿ ನನ್ನ ಹಾಗೆ ಸುತ್ತಿಕೊಳ್ಳುವುದು ಸುಲಭ ಇತ್ತು.

ಆ ದಿನ ಬಸಳೆ ಹುಳಿಯನ್ನು ಎಲ್ಲರೂ ಉಂಡೆವು, ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ. ಊಟದ ನಂತರ ಅಜ್ಜಿ ಮಲಗಲಿಲ್ಲ. ಕನ್ನಡಕ ಹಾಕಿಕೊಂಡೇ ಕಂಬಕ್ಕೆ ಒರಗಿ ಬೀದಿ ನೋಡುತ್ತ ಕೂತಳು. ಮರುದಿನವೂ ಹಾಗೆಯೇ. ಗೆರಸೆ ಮುಟ್ಟಲಿಲ್ಲ. ಅವಳ ಎಡಗೈ ಮಡಿಲಿನಲ್ಲಿ ಸುಮ್ಮನಿತ್ತು. ಬಾಳೆನಾರು ಇಲ್ಲದಿದ್ದರೂ ಕಟ್ಟಿದ ಹಾಗೆಯೇ ಕಾಣುತ್ತಿತ್ತು. ಮೊಳೆಯಲ್ಲಿ ಕನ್ನಡಕ ಇಲ್ಲದ್ದರಿಂದ ನನ್ನ ಕ್ಯಾಮೆರಾಕ್ಕೂ ಕಣ್ಣಿಲ್ಲ. ಪುಸ್ತಕದ ಎರಡೂ ಬದಿ ಆ ನಾಲ್ಕು ದಿನ ಖಾಲಿ. ಅಪ್ಪ ರಾಜಿ ಮಾಡಿಸಲು ನೋಡಿದ.

"ಅತ್ತೆ, ಬಸ್ಸಿನಲ್ಲಿ ನನಗೂ ಚೆಕಿಂಗ್ ಇನ್‌ಸ್ಪೆಕ್ಟರ್ ಬರ್ತಾನೆ. ಅದಕ್ಕೆ ಬಸ್ಸಿಂದ ಇಳಿದು ಹೋಗ್ತೇನಾ?"

"ನೀವು ಕೊಟ್ಟ ಟಿಕೆಟನ್ನು ಯಾರಾದರೂ ಹಿಂದಿನಿಂದ ಹರಿದು ಬೇರೆ ಕೊಟ್ಟರೆ ಆಗ ಗೊತ್ತಾಗ್ತದೆ" ಎಂದಳು ಅಜ್ಜಿ. ಅಪ್ಪ ಟವೆಲು ತೆಗೆದುಕೊಂಡು ಸ್ನಾನಕ್ಕೆ ಹೋದ.

ಐದನೆಯ ದಿನ ಬೆಳಗ್ಗೆ ಅಜ್ಜಿ ಕನ್ನಡಕ ತೆಗೆದು ತಾನೇ ಮೊಳೆಗೆ ಹಾಕಿದಳು. ಹೊತ್ತಲ್ಲದ ಹೊತ್ತು. ನನಗೆ ಭಯವಾಯಿತು. ಅವಳು ಗೋಣಿಯೊಳಗೆ ಕೈಹಾಕಿ ಅಮ್ಮ ಕತ್ತರಿಸಿಟ್ಟಿದ್ದ ಎಲೆಯೊಂದನ್ನು ತೆಗೆದಳು. ಕಣ್ಣು ಮುಚ್ಚಿದಳು. ಹೊಗೆಸೊಪ್ಪನ್ನು ಬೆರಳಿನಲ್ಲೇ ಅಳೆದು ಎಲೆಯಲ್ಲಿ ಸಾಲಾಗಿ ಹರಡಿ, ಎಡಗೈಯ ಹೆಬ್ಬೆರಳಿನಿಂದ ಒಂದೇ ಸಲ ಉರುಳಿಸಿದಳು. ಕಡ್ಡಿಯಂತೆ ನೆಟ್ಟಗಿನ ಬೀಡಿ. ತುದಿ ಮಡಚಿದಳು. ನೂಲಿಗೆ ಕೈ ಹಾಕಲಿಲ್ಲ. ಸುರುಳಿ ಬಿಚ್ಚದಂತೆ ಎರಡು ಬೆರಳಲ್ಲಿ ಒತ್ತಿಹಿಡಿದು, ಅಮ್ಮನ ಮುಖ ನೋಡದೆ, ಕೈಯನ್ನು ಅಮ್ಮ ಕೂತಿದ್ದ ಬದಿಗೆ ಚಾಚಿದಳು. ಎಡಗೈಯನ್ನೇ ಚಾಚಿದಳು.

ಅಮ್ಮ ತನ್ನ ಗೆರಸೆಯನ್ನು ಬದಿಗಿಟ್ಟಳು.

"ಬಿಡಬೇಡ, ಬಿಡಬೇಡ, ನಾನು ಹಿಡಿಯುವ ತನಕ ಹಿಡಿದುಕೋ" ಎನ್ನುತ್ತ ಹತ್ತಿರ ಸರಿದಳು. ಮೊದಲನೆಯದಕ್ಕೆ ನೂಲು ಜಾರಿತು. ಎರಡನೆಯದೂ ಜಾರಿತು.

"ಬೀಡಿ ಕಟ್ಟಿ ಇಪ್ಪತ್ತು ವರ್ಷವಾಯಿತು ಇವಳಿಗೆ" ಎಂದಳು ಅಜ್ಜಿ ಕಣ್ಣು ಮುಚ್ಚಿಕೊಂಡೇ. "ನೂಲು ಕಟ್ಟಲಿಕ್ಕೆ ಬರುವುದಿಲ್ಲ."

"ಉಲ್ಟಾ ಸುತ್ತಿದರೆ ಕಟ್ಟುವುದು ಹೇಗೆ?"

"ಉಲ್ಟಾ ನಿನ್ನದು."

ಅಮ್ಮ ನಕ್ಕಳು. ನಕ್ಕು ಅತ್ತಳು, ಮೂಗನ್ನು ಭುಜಕ್ಕೆ ಒರೆಸಿಕೊಂಡಳು, ಕೈಯಲ್ಲಿ ನೂಲಿತ್ತಲ್ಲ. ಐದನೆಯ ಬೀಡಿಗೆ ನೂಲು ನಿಂತಿತು. ಆ ದಿನ ಇಬ್ಬರದ್ದೂ ಸೇರಿ ಆದ ಕಟ್ಟುಗಳು ಎಂದಿಗಿಂತ ಕಡಿಮೆ. ಸಂಜೆ ಬ್ರಾಂಚಿನಲ್ಲಿ ಹಮೀದಾಕ ಒಂದು ಕಟ್ಟನ್ನು ಎತ್ತಿ, ಒತ್ತಿ, ತಿರುಗಿಸಿ ನೋಡಿದರು. ಮತ್ತೊಮ್ಮೆ ನೋಡಿದರು.

"ಎಡಸುರುಳಿ ಬಂತಲ್ಲ. ಅಜ್ಜಿಯದ್ದಾ?"

"ನಮ್ಮದು" ಎಂದಳು ಅಮ್ಮ.

ಅಂದಿನಿಂದ ಬೆಳಗ್ಗೆಯೂ ಕನ್ನಡಕ ಮೊಳೆಯಲ್ಲೇ ಇರುತ್ತಿತ್ತು. ನೂಲಿನ ಕೆಲಸ ನನಗಿಲ್ಲದ ಮೇಲೆ ಕಣ್ಣೂ ಬೇಡ ಎಂದಳು ಅಜ್ಜಿ. ಮಳೆ ಶುರುವಾಗುವ ಮುಂಚೆ ಅಪ್ಪ ಇನ್ನೊಂದು ರೀಲು ತಂದ. ಅದರ ಮೊದಲ ಫ್ರೇಮಿನಲ್ಲಿ ಹುಳವಿರಲಿಲ್ಲ. ಪ್ರಿಂಟು ಕೊಡುವಾಗ ಸ್ಟುಡಿಯೋದವರು ಅದನ್ನು ಬೇರೆಯಾಗಿ ತೆಗೆದಿಟ್ಟಿದ್ದರಂತೆ.

"ಇದು ವೇಸ್ಟ್ ಆಯ್ತು ಕಂಡಕ್ಟ್ರೇ. ಹುಳ ಹಾರಿಹೋಗಿದೆ. ಬರೇ ಬೀಡಿ ಉಂಟು."

ಅಜ್ಜಿ ಕಂಬಕ್ಕೆ ಒರಗಿ, ಕನ್ನಡಕ ತುದಿಮೂಗಿಗೆ ಜಾರಿಸಿ, ಆ ಬರೇ ಬೀಡಿಯನ್ನು ನೋಡಿದಳು. ಈ ಸಲ ಕೇಳಿದವಳು ನಾನು.

"ಎಡವೋ ಬಲವೋ?"

ಅವಳು ಚಿತ್ರವನ್ನು ಹತ್ತಿರ ತಂದಳು. ಅಮ್ಮನ ನೂಲು ಎಲ್ಲಿ ಸುತ್ತಲು ಶುರುವಾಗಿ ಎಲ್ಲಿ ಮುಗಿದಿದೆ ಎಂದು ಉಗುರಿನಿಂದ ಹಿಂಬಾಲಿಸಿದಳು.

"ಎಲೆ ಎಡ, ನೂಲು ಬಲ" ಎಂದಳು. "ಎರಡೂ ಕಡೆ ಒಂದೊಂದು ಗೆರೆ ಹಾಕು."

ಹಾಕಿದೆ. ಆಮೇಲೆ ಹಿಂದಿನ ಪುಟಕ್ಕೆ ತಿರುಗಿಸಿ, ಖಾಲಿ ಬಿಟ್ಟಿದ್ದ ಹಾಗಲದ ಮುಂದೆಯೂ ಎರಡು ಗೆರೆ ಹಾಕಿದೆ.